ಮೂವತ್ತೆಂಟು ಮುಖ, ಮೂವತ್ತೆಂಟು ಹೆಸರು

ಹೊಸ ಕಾಗದದ ಕಟ್ಟು ಬಿಡಿಸಿ, ಹಾಳೆಗಳ ನಡುವೆ ಗಾಳಿ ಆಡಿಸಿ, ಮೇಜಿನ ಮೇಲೆ ಕುಟ್ಟಿ ಅಂಚು ಸರಿಮಾಡಿ ಪ್ರಿಂಟರಿಗೆ ತುಂಬಿದೆ. ಮಾವ ತಲೆ ಬಗ್ಗಿಸಿ ಪ್ರೂಫ್ ನೋಡುತ್ತಿದ್ದರು. ಆಪರೇಟರ್ ಅಣ್ಣ ಕೀಬೋರ್ಡಿನ ಒಂದೇ ಕೀಲಿಯನ್ನು ಒತ್ತುತ್ತಿದ್ದ. ಟಕ್, ಟಕ್, ಟಕ್.

ಅದು ಎಂಟರ್. ಅವನಿಗೆ ಎಲ್ಲ ಕಾಯಿಲೆಗೂ ಅದೇ ಮದ್ದು. ಹೆಸರು ಕೆಳಗೆ ಬರಬೇಕೆ, ಎಂಟರ್. ಜಾಗ ಬೇಕೆ, ಇನ್ನೂ ನಾಲ್ಕು ಎಂಟರ್. ಮನಸ್ಸಿನಲ್ಲಿ ನಾನು ಅವನನ್ನು ಎಂಟರಣ್ಣ ಎನ್ನುತ್ತೇನೆ. ಬಾಯಿಬಿಟ್ಟು ಎಂದೂ ಅಂದಿಲ್ಲ. ಬಾಯಿಬಿಟ್ಟು ನಾನು ಹೇಳುವುದೇ ಕಡಿಮೆ.

ಏಳನೇ ತರಗತಿಗೆ ಶಾಲೆ ಬಿಟ್ಟ ನನ್ನನ್ನು ಮಾವ, ಅಂದರೆ ಅಮ್ಮನ ತಮ್ಮ, ಈ ಮುದ್ರಣದ ಅಂಗಡಿಗೆ ಸೇರಿಸಿಕೊಂಡಿದ್ದರು. ಕಾಗದ ತುಂಬುವುದು, ಮಡಿಸುವುದು, ಪಿನ್ ಹೊಡೆಯುವುದು ನನ್ನ ಕೆಲಸ. ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ನೋಡಬಾರದು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಎರಡು ವರ್ಷ ಎಂಟರಣ್ಣನ ಬೆನ್ನ ಹಿಂದೆ ನಿಂತು ಮಡಿಸಿದೆ, ನೋಡಿದೆ.

ಆ ದಿನದ ಪುಸ್ತಕ ಹೊಲಿಗೆ ಕಾರ್ಖಾನೆಯ ಹೆಂಗಸರ ಸಂಘದ್ದು. ಇಪ್ಪತ್ತು ವರ್ಷ ದುಡಿದ ಮೂವತ್ತೆಂಟು ಜನರ ಫೋಟೊ, ಕೆಳಗೆ ಹೆಸರು. ಇಪ್ಪತ್ತಮೂರನೆಯವಳು ನನ್ನ ಅಮ್ಮ. ಲೆಕ್ಕವಿಲ್ಲದಷ್ಟು ಕಾಲರ್ ಹೊಲಿದವಳ ಹೆಸರು ಅಚ್ಚಾಗುತ್ತಿರುವುದು ಇದೇ ಮೊದಲು. ಐದು ಗಂಟೆಗೆ ಪುಸ್ತಕ ಅಚ್ಚಿಗೆ ಹೋಗಬೇಕು. ಸಂಘದ ಕಾರ್ಯದರ್ಶಿ ಬೆಳಗಿನಿಂದ ಮೂರು ಸಲ ಬಂದು ಮುನ್ನುಡಿಗೆ ಸಾಲು ಸೇರಿಸಿದ್ದರು. ಪ್ರತಿ ಸಲವೂ ಹೆಸರುಗಳೆಲ್ಲ ಜಾರಿ ಮುಂದಿನ ಮುಖದ ಕೆಳಗೆ ಹೋಗಿ ಕೂತವು. ಕೊನೆಯ ಪ್ರೂಫಿನಲ್ಲಿ ನನ್ನ ಅಮ್ಮ ಬೇರೆ ಯಾರೋ ಆಗಿದ್ದಳು.

ಕಾರಣ ನನಗೆ ಗೊತ್ತಿತ್ತು. ಎಂಟರಣ್ಣ ಫೋಟೊಗಳನ್ನು ಪುಟಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲಿಸಿದ್ದ. ಹೆಸರುಗಳು ಮಾತ್ರ ಉಳಿದ ಬರಹದ ಜೊತೆ ಹರಿಯುತ್ತಿದ್ದವು. ಫೋಟೊ, ಹೆಸರು ಎರಡನ್ನೂ ಟೆಕ್ಸ್ಟ್ ಬಾಕ್ಸ್ ಎಂಬ ಒಂದೇ ಚೌಕದೊಳಗೆ ಇಟ್ಟರೆ ಬೇರೆಯಾಗುವ ಪ್ರಶ್ನೆಯೇ ಇಲ್ಲ. ಹಿಂದೊಮ್ಮೆ ಔಷಧಿ ಅಂಗಡಿಯ ಜಾಹೀರಾತಿಗೆ ಅವನೇ ಹಾಗೆ ಮಾಡಿದ್ದ. ಧೈರ್ಯ ಮಾಡಿ ಅಷ್ಟನ್ನು ಹೇಳಿದೆ. ಮಡಿಸುವ ಕೈ ಮಡಿಸಲಿ ಎಂದು ನಕ್ಕು ಚಹಾ ಕುಡಿಯಲು ಹೋದ. ಮಾವ ಪೋಸ್ಟ್ ಆಫೀಸಿಗೆ ಹೊರಟರು.

ನಾನು ಕುರ್ಚಿಯಲ್ಲಿ ಕೂತೆ.

ಮೊದಲನೆಯ ಬಾಕ್ಸ್ ಎಳೆದಾಗ ಅದು ಪುಟದ ಅಂಚಿಗೆ ಎಲ್ಲೋ ಹೋಯಿತು. ಅಳಿಸಿ ಮತ್ತೆ ಎಳೆದೆ. ಫೋಟೊ ಕತ್ತರಿಸಿ ಒಳಗೆ ಅಂಟಿಸಿದೆ, ಕೆಳಗೆ ಹೆಸರು ಇಟ್ಟೆ, ಸುತ್ತಲಿನ ಗೆರೆ ತೆಗೆದೆ. ನಾಲ್ಕನೆಯದರ ಹೊತ್ತಿಗೆ ಕೈ ಹಿಡಿತಕ್ಕೆ ಬಂತು. ಅಮ್ಮನ ಪುಟಕ್ಕೆ ಮೊದಲು ಹೋಗೋಣ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಹೋಗಲಿಲ್ಲ. ಉಳಿದ ಮೂವತ್ತೇಳು ಜನರ ಮನೆಯಲ್ಲೂ ಯಾರಾದರೂ ಪುಸ್ತಕ ಬಿಡಿಸಿ ನೋಡುವವರೇ.

ಹನ್ನೊಂದು ಮುಗಿಸಿದ್ದೆ. ಬಾಗಿಲಲ್ಲಿ ಮಾವ, ಆಪರೇಟರ್ ಅಣ್ಣ, ಕಾರ್ಯದರ್ಶಿ ಮೂವರೂ ಒಟ್ಟಿಗೇ ಬಂದರು.

“ಏನಮ್ಮಾ ಮೇಡಂ, ಕುರ್ಚಿ ಮೆತ್ತಗಿದೆಯಾ?” ಎಂದ ಆಪರೇಟರ್ ಅಣ್ಣ.

ಮಾವ ಏಳು ಎಂದರು. ಕೆಡಿಸಿದರೆ ಯಾರು ಹೊಣೆ ಎಂದರು. ಕಾಲು ಏಳಲು ಹೊರಟಿತ್ತು, ನಾನು ಬಿಡಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿ ಚೀಟಿಯೊಂದನ್ನು ಮುಂದೆ ಹಿಡಿದರು.

“ಇನ್ನೊಂದು ನಾಲ್ಕು ಸಾಲು ಇದೆ ಕಣಪ್ಪಾ. ಬೈಕೋಬೇಡ, ಇದೇ ಕೊನೆ.”

ಅವನು ನನ್ನ ಭುಜದ ಮೇಲಿಂದ ಬಾಗಿ, ನಿಂತುಕೊಂಡೇ ನಾಲ್ಕು ಸಾಲು ಹೊಡೆದ. ನಾನು ಪುಟಗಳನ್ನು ಒಂದೊಂದಾಗಿ ಸರಿಸಿದೆ. ಒಂದರಿಂದ ಹನ್ನೊಂದರವರೆಗೆ ಪ್ರತಿ ಮುಖದ ಕೆಳಗೂ ಅವರವರದೇ ಹೆಸರು. ಹನ್ನೆರಡರಿಂದ ಮತ್ತೆ ಎಲ್ಲವೂ ಅದಲುಬದಲು. ಕಾರ್ಯದರ್ಶಿ ಕನ್ನಡಕ ಮೇಲೇರಿಸಿ ಪರದೆಯ ಹತ್ತಿರ ಬಂದರು. ತಮ್ಮ ಫೋಟೊ ಒಂಬತ್ತನೆಯದು ಎಂದು ಮೆಲ್ಲಗೆ ಅಂದರು. ಅದು ಸರಿಯಾಗಿತ್ತು.

ಗಂಟೆ ಮೂರೂವರೆ. ಎಂಟರಣ್ಣ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ನಾನು ಹಿಂತಿರುಗಿ ನೋಡಲಿಲ್ಲ.

“ಇನ್ನೂ ಇಪ್ಪತ್ತೇಳು ಇದೆ ಮಾವ,” ಎಂದೆ. “ಐದು ಗಂಟೆವರೆಗೂ ನನ್ನನ್ನ ಎಬ್ಬಿಸಬೇಡಿ.”

ಮಾವ ಗಡಿಯಾರದ ಕಡೆ ನೋಡಿ, ಹೆಸರುಗಳ ಪಟ್ಟಿ ತೆಗೆದು ಹನ್ನೆರಡನೆಯ ಹೆಸರು ಓದಿದರು.