ಸಮುರಾಯಿ ಕೋಟೆಯ ಹಿಂಗೋಡೆ

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಅದು ಬೇಯುವಷ್ಟರಲ್ಲಿ ಇನ್ನೊಬ್ಬ ಸಮುರಾಯಿಯ ಬೆನ್ನು ತಿಕ್ಕಿ ಮುಗಿಸಬಹುದು ಎಂದು ಸಂಗಮ್ಮ ಸಾಬೂನು ನೀರಿನ ಬೋಗುಣಿಗೆ ಕೈ ಹಾಕಿದಳು. ಹೆಬ್ಬೆರಳಿನಷ್ಟೇ ಎತ್ತರದ ಪ್ಲಾಸ್ಟಿಕ್ ಆಳು. ತಲೆಯ ಮೇಲೆ ಕೊಂಬಿನ ಶಿರಸ್ತ್ರಾಣ, ಸೊಂಟದಲ್ಲಿ ಜೋಡಿ ಕತ್ತಿ. ಅವನ ಕವಚದ ಸಂದುಗಳಲ್ಲಿ ಉಳಿದಿದ್ದ ಜಿಡ್ಡನ್ನು ಹಳೆಯ ಟೂತ್ ಬ್ರಷ್ಷಿನಿಂದ ಉಜ್ಜಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಟ್ಟೆಯಲ್ಲಿ ಒಣಗಲು ನಿಲ್ಲಿಸಿದಳು. ಅಷ್ಟರಲ್ಲಿ ರೊಟ್ಟಿ ಉಬ್ಬಿತು. ಕೈ ತೊಳೆದು ಅದನ್ನು ತಿರುವಿ ಹಾಕಿದಳು.

"ರೊಟ್ಟಿ ಸಾಬೂನು ನಾರಿದ್ರ ನಿನ್ನ ಸೈನ್ಯಾನ ಒಯ್ದು ಕಾಲುವಿಗೆ ಒಗೀತೀನಿ ನೋಡು," ಎಂದ ಗಂಡ ಶಂಭುಲಿಂಗ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಸೈನ್ಯ ನಂದಲ್ಲರಿ, ನಿಮ್ದು. ಒಗೀರಿ."

ಅವನು ನಕ್ಕ. ಅವಳು ನಗಲಿಲ್ಲ.

ಸೈನ್ಯ ಅವನದೇ ಆಗಿತ್ತು. ಲಾಕ್‌ಡೌನಿನಲ್ಲಿ ಹೊಸಪೇಟೆಯ ತನ್ನ ಬಣ್ಣದಂಗಡಿಯ ಬಾಗಿಲು ಹಾಕಿಕೊಂಡು ಕೂತಿದ್ದಾಗ ಶಂಭುಲಿಂಗ ಮೊಬೈಲಿನಲ್ಲಿ ಈ ಆಟ ಕಂಡುಕೊಂಡಿದ್ದ. ಮೇಜಿನ ಮೇಲೆ ಬೆಟ್ಟ, ಕೋಟೆ, ಹೊಳೆ. ಅವುಗಳ ನಡುವೆ ಪುಟ್ಟ ಪುಟ್ಟ ಸೈನಿಕರು. ಟೇಪು ಹಿಡಿದು ಅಳೆದು ನಡೆಸುವುದು, ದಾಳ ಎಸೆದು ಹೊಡೆದಾಡುವುದು. ಜಪಾನಿನ ಹಳೆಯ ಕಾಲದ ಯೋಧರಾದ ಸಮುರಾಯಿಗಳ ಮೇಲೆ ಅವನಿಗೆ ಜೀವ. ಆದರೆ ಸಮುರಾಯಿಗಳು ಹೊಸಪೇಟೆಯಲ್ಲಿ ಎಲ್ಲಿ ಸಿಗಬೇಕು? ಆಟಿಕೆ ಅಂಗಡಿಯಲ್ಲಿ ಬಂದೂಕು ಹಿಡಿದ ಹಸಿರು ಸಿಪಾಯಿಗಳನ್ನು ಕೊಟ್ಟರು. ಹಂಪಿಯಲ್ಲಿ ಪ್ರವಾಸಿಗರಿಗೆ ಸಾಮಾನು ಮಾರುವವರು ಕಲ್ಲಿನ ಆನೆ ತೋರಿಸಿದರು. ಹೊರದೇಶದಿಂದ ತರಿಸಿದ ಡಬ್ಬಿ ಬರುವ ಹೊತ್ತಿಗೆ ಅರ್ಧ ಕತ್ತಿಗಳು ಮುರಿದಿದ್ದವು. ಕೊನೆಗೆ ಸಂಡೂರಿನಲ್ಲಿ ಬಸವಕುಮಾರ್ ಎಂಬಾತ ಸಿಕ್ಕ. ಗಣಿಯ ಯಂತ್ರಗಳ ಚಿಕ್ಕಪುಟ್ಟ ಬಿಡಿಭಾಗಗಳಿಗೆ ಮಾದರಿ ಮಾಡಿಕೊಡಲು ಪ್ಲಾಸ್ಟಿಕ್ಕಿನಲ್ಲಿ ಬೇಕಾದ ಆಕಾರ ತೆಗೆಯುವ ತ್ರೀಡಿ ಪ್ರಿಂಟರ್ ಇಟ್ಟುಕೊಂಡವನು. ಅವನ ಕೋಣೆಯ ಕಪಾಟಿನಲ್ಲಿ, ಪಂಪಿನ ಚಕ್ರಗಳ ಪಕ್ಕದಲ್ಲಿ ಸಾಲಾಗಿ ನಿಂತ ಸಮುರಾಯಿಗಳನ್ನು ಕಂಡಾಗ ಶಂಭುಲಿಂಗನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಸೈನಿಕರು ಸಿಕ್ಕರು, ಬಣ್ಣ ಅಂಗಡಿಯಲ್ಲೇ ಇತ್ತು. ಬಳಿಯುವ ತಾಳ್ಮೆ ಮಾತ್ರ ಅವನಿಗಿರಲಿಲ್ಲ. ಮೊದಲನೆಯವನ ಮುಖಕ್ಕೆ ಕಣ್ಣು ಬರೆಯಲು ಹೋಗಿ ಹುಬ್ಬು, ಮೂಗು, ಮೀಸೆ ಎಲ್ಲ ಒಂದೇ ಮಸಿ ಮಾಡಿ, "ನೀ ರಂಗೋಲಿ ಚಲೋ ಹಾಕ್ತಿಯಲ್ಲ, ಒಂದೀಟು ನೋಡು," ಎಂದು ಅವಳ ಕೈಗೆ ಕೊಟ್ಟಿದ್ದ.

ಆ ಒಂದೀಟು ಬೆಳೆದು ಬೆಳೆದು ಮಾಳಿಗೆಯ ಕೋಣೆ ತುಂಬಿತು. ಕಣ್ಣುಗುಡ್ಡೆಗೆ ಸೂಜಿಮೊನೆ, ಕವಚದ ದಾರಗಳಿಗೆ ಮೂರೇ ಕೂದಲು ಉಳಿಸಿದ ಕುಂಚ. ಸಂಡೂರಿಗೆ ಹೋದಾಗಲೆಲ್ಲ ಯಶವಂತನಗರದ ರಸ್ತೆ ಬದಿಯ ಕೆಂಪು ಮಣ್ಣು ತಂದು, ಜರಡಿ ಹಿಡಿದು, ಅಂಟಿನಲ್ಲಿ ಕಲಸಿ ನೆಲ ಮಾಡಿದಳು. ಕಂಪ್ಲಿಯಲ್ಲಿ ಅಣ್ಣ ಕೊಟ್ರಬಸಪ್ಪನ ಅಕ್ಕಿ ಗಿರಣಿಯಿಂದ ಹೊಟ್ಟು ಬಂತು, ಅದು ಒಣ ಹುಲ್ಲಾಯಿತು. ಅಲೆ ಅಲೆಯ ರಟ್ಟು ಹೆಂಚಾಯಿತು. ಗುಲಾಬಿ ರಂಗೋಲಿ ಪುಡಿ ಉದುರಿಸಿಕೊಂಡ ಜಾಲಿಯ ಟೊಂಗೆ ಹೂಬಿಟ್ಟ ಚೆರಿ ಮರವಾಯಿತು. ಬಂಡೆಗಳನ್ನಂತೂ ಅವಳು ಯಾವ ಚಿತ್ರವನ್ನೂ ನೋಡದೆ ಮಾಡಿದಳು. ಒಂದರ ಮೇಲೊಂದು ಕೂತು ಈಗ ಬೀಳುತ್ತೇನೆ ಆಗ ಬೀಳುತ್ತೇನೆ ಎನ್ನುವ ಬಂಡೆಗಳನ್ನು ಹುಟ್ಟಿದಾಗಿನಿಂದ ನೋಡಿದ್ದಳು. "ಜಪಾನಿನ್ಯಾಗ ಹಿಂಗಿರಂಗಿಲ್ಲ," ಎಂದು ಶಂಭುಲಿಂಗ ಗೊಣಗಿದ್ದ. ಮೊಬೈಲಿನಲ್ಲಿ ಹಾಕಿದ ಫೋಟೋ ನೋಡಿದವರೆಲ್ಲ ಬಂಡೆಗಳನ್ನೇ ಹೊಗಳಿದ ಮೇಲೆ ಸುಮ್ಮನಾದ. ಫೋಟೋದ ಕೆಳಗೆ ಅವನ ಹೆಸರಿತ್ತು.

ಅದಕ್ಕೆ ಅವಳು ಮುನಿಯಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಹೆಸರಲ್ಲ, ಕುರ್ಚಿ. ಪ್ರತಿ ಭಾನುವಾರ ಗಂಡನ ಆಟದ ಗೆಳೆಯರು, ದೋಣಿಮಲೈನಿಂದ ಮಾಲತೇಶ್, ಹಂಪಿಯಿಂದ ಗೈಡ್ ಪಂಪೇಶ್ ಬರುತ್ತಿದ್ದರು. ಮಾಲತೇಶ್ ಎದುರಾಳಿ, ಪಂಪೇಶ್ ಪಂಚ. ಸಂಗಮ್ಮ ಚಹಾ ಕೊಟ್ಟು, ಇಳಿಯುವ ನೆಪದಲ್ಲಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ತಾನೇ ಕಣ್ಣು ಬರೆದ ಆಳುಗಳನ್ನು ಇವರು ಎಲ್ಲೆಲ್ಲಿಗೋ ನಡೆಸಿ ಕೊಲ್ಲಿಸುವುದನ್ನು ನೋಡುತ್ತ, ಅಲ್ಲ, ಆ ಕಡೆ, ಬಂಡೆಯ ಹಿಂದೆ, ಎಂದು ಒಳಗೊಳಗೇ ಚಡಪಡಿಸುತ್ತಿದ್ದಳು. ಒಮ್ಮೆ ಹಂಪಿಯ ಮಹಾನವಮಿ ದಿಬ್ಬದ ಗೋಡೆಯಲ್ಲಿ ಬಿಲ್ಲು ಹಿಡಿದು ಬೇಟೆಗೆ ನಿಂತ ಹೆಣ್ಣನ್ನು ನೋಡಿ ಬಂದವಳೇ, ಕತ್ತಿ ಮುರಿದ ಒಬ್ಬ ಸಮುರಾಯಿಗೆ ಸೋರುವ ಪೈಪಿಗೆ ಮೆತ್ತುವ ಎಂ-ಸೀಲಿನಿಂದ ಉದ್ದ ಜಡೆ ಹಾಕಿ, ಕೈಗೆ ಕೋಲಿನ ತುದಿಯ ಕತ್ತಿ ಕೊಟ್ಟಳು. ಜಪಾನಿನಲ್ಲೂ ಹೆಂಗಸರು ಅಂಥ ಆಯುಧ ಹಿಡಿದು ಕೋಟೆ ಕಾಯ್ದಿದ್ದಾರಂತೆ, ಪಂಪೇಶನೇ ಹೇಳಿದ್ದ. ಆ ಗೊಂಬೆ ಡಬ್ಬಿಯಲ್ಲೇ ಇತ್ತು. ಗಂಡಸರಿಬ್ಬರೂ ಅವಳನ್ನು ಮೇಜಿಗೆ ಇಳಿಸಿರಲಿಲ್ಲ.

"ಕೋಟಿ ಮುಗಿಸಿ ಕೊಡು, ಆಮ್ಯಾಲೆ ನೀನೂ ಒಂದು ಆಟ ಆಡುವಂತಿ," ಎಂದಿದ್ದ ಶಂಭುಲಿಂಗ. ಕೋಟೆ ಮುಗಿದಿತ್ತು. ಭಾನುವಾರ ಬಂದಿತ್ತು.

"ಇವತ್ತು ನಾನು ಮಾಲತೇಶನ ಕುರ್ಚಿಗಿ ಕುಂದ್ರತೀನ್ರಿ," ಎಂದಳು ರೊಟ್ಟಿ ಬುಟ್ಟಿಗೆ ಹಾಕುತ್ತ.

"ಇವತ್ತ? ಅಂವ ಅಷ್ಟು ದೂರದಿಂದ ಬರ್ತಾನ, ಕೋಟಿ ಮ್ಯಾಲೆ ಮೊದಲ್ನೇ ಯುದ್ಧ. ಮುಂದಿನ ವಾರ ನೋಡೂಣು. ಮಿರ್ಚಿಗಿ ಮೆಣಸಿನಕಾಯಿ ತಂದೀನಿ, ಒಗ್ಗರಣಿ ಮಂಡಕ್ಕಿ ಜೋಡಿ ಮಾಡಿಬಿಡು."

ಹೋದ ವಾರವೂ ಮುಂದಿನ ವಾರವೇ ಆಗಿತ್ತು. ಸಂಗಮ್ಮ ಒಲೆ ಆರಿಸಿ, ಧೂಳು ಒರೆಸುವ ಬಟ್ಟೆ ಹಿಡಿದು ಮಾಳಿಗೆ ಹತ್ತಿದಳು.

ಕೋಟೆ ಮೇಜಿನ ನಡುವೆ ಕೂತಿತ್ತು. ಮುಂದೆ ಹೆಬ್ಬಾಗಿಲು, ಮೂಲೆಗೊಂದು ಬುರುಜು. ಹಿಂದಕ್ಕೆ ಬಂದು ಬಟ್ಟೆ ಆಡಿಸಿದವಳ ಕೈ ನಿಂತಿತು. ಹಿಂಗೋಡೆಯಲ್ಲಿ, ಎರಡು ಬಂಡೆಗಳ ಮರೆಯಲ್ಲಿ ಅವಳು ಬಿಟ್ಟಿದ್ದ ಸಂದು ಇರಲಿಲ್ಲ. ಅಲ್ಲಿ ಬೂದು ಎಂ-ಸೀಲು ತೇಪೆ ಹಾಕಿ, ಮೇಲೆ ಬೆರಳಿನಿಂದ ಬಣ್ಣ ಮೆತ್ತಿತ್ತು.

"ನೋಡಿದ್ಯಾ?" ಹಿಂದೆಯೇ ಹತ್ತಿ ಬಂದಿದ್ದ ಶಂಭುಲಿಂಗ. "ಅಲ್ಲೊಂದು ತೂತು ಬಿಟ್ಟಿದ್ದಿ. ನಿನ್ನೆ ನಾನ ಮುಚ್ಚಿದೆ. ಇಷ್ಟು ಚಂದ ಮಾಡಿ ಒಂದು ತೂತು ಮರತಿಯಲ್ಲ."

ಮರೆತದ್ದಲ್ಲ. ಕಂಪ್ಲಿಯ ತವರಿನ ಅಂಗಳದಲ್ಲಿ ದೀಪಾವಳಿ ಪಾಡ್ಯದ ಬೆಳಗ್ಗೆ ಅವ್ವ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಸುತ್ತ ಹಟ್ಟಿ ಕಟ್ಟುತ್ತಿದ್ದಳು. ಗೇಣುದ್ದದ ಗೋಡೆ, ಒಳಗೆ ದನಕ್ಕೆ ಮೇವು ಹಾಕುವ ಗೋದಲಿ, ಬಾವಿ, ಒರಳು. ಮೇಲೆಲ್ಲ ಚೆಂಡುಹೂವು, ಉತ್ತರಾಣಿ ಕಡ್ಡಿ. ಆ ಕೆಲಸಕ್ಕೆ ಗಂಡಸರು ಕೈ ಹಚ್ಚುತ್ತಿರಲಿಲ್ಲ. ಪುಟ್ಟ ಸಂಗಮ್ಮ ಗೋಡೆಯನ್ನು ಒಂದೇ ಸುತ್ತಿಗೆ ಕೂಡಿಸಿದಾಗ ಅವ್ವ ಬೆರಳಿನಿಂದ ಹಿಂದುಗಡೆ ಒಡೆದು ದಾರಿ ಮಾಡಿದ್ದಳು. "ಪೂರಾ ಮುಚ್ಚಬ್ಯಾಡವ್ವ. ಹೊತ್ತು ಮುಳುಗಿದ ಮ್ಯಾಲೆ ಬರೋ ಆಕಳು ಮುಂಬಾಗಿಲಿಗಿ ಬರಂಗಿಲ್ಲ. ಅದಕ್ಕೂ ಒಂದು ದಾರಿ ಇರ್ಲಿ." ಅಂದಿನಿಂದ ಸಂಗಮ್ಮ ಕಟ್ಟಿದ ಯಾವ ಗೋಡೆಯೂ ಪೂರಾ ಮುಚ್ಚಿರಲಿಲ್ಲ. ಮಣ್ಣಿನದಿರಲಿ, ಥರ್ಮಾಕೋಲಿನದಿರಲಿ, ಕೈ ತಾನಾಗಿಯೇ ಹಿಂದೊಂದು ಸಂದು ಬಿಡುತ್ತಿತ್ತು.

ಅದನ್ನು ಇವನಿಗೆ ಹೇಳಬಹುದಿತ್ತು. ಹೇಳಿದರೆ ಅದನ್ನೂ ಮಾಲತೇಶನ ಮುಂದೆ ಕಥೆ ಮಾಡಿ, ತನ್ನದೇ ವಿಚಾರವೆಂಬಂತೆ ಹೇಳುತ್ತಾನೆ. "ಹೌದೇನು," ಎಂದಳು. ಅವನು ಸ್ನಾನಕ್ಕೆ ಇಳಿದುಹೋದ.

ನೀರು ಬೀಳುವ ಸದ್ದು ಕೇಳುತ್ತಲೇ ಸಂಗಮ್ಮ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಎಂ-ಸೀಲು ಕಲ್ಲಾಗಿತ್ತು, ಸುತ್ತಲಿನ ಥರ್ಮಾಕೋಲಿನ ಗೋಡೆ ಮೆತ್ತಗಿತ್ತು. ಒಮ್ಮೆ ಮೀಟಿದ್ದಕ್ಕೆ ತೇಪೆ ಗೋಡೆಯ ಒಂದು ತುಣುಕನ್ನೂ ಕಚ್ಚಿಕೊಂಡು ಹೊರಬಂತು. ಸಂದು ಮೊದಲಿಗಿಂತ ತುಸು ಅಗಲವೇ ಆಯಿತು. ಆಗಲಿ ಎಂದುಕೊಂಡು, ಒಡೆದ ಅಂಚಿಗೆ ಕೆಂಪು ಮಣ್ಣು ಮೆತ್ತಿ, ಬಂಡೆಗಳನ್ನು ಮೊದಲಿದ್ದಲ್ಲೇ ಸರಿಸಿಟ್ಟು ಕೆಳಗಿಳಿದು ಕಡಲೆಹಿಟ್ಟು ಕಲಸಿದಳು.

ಮಧ್ಯಾಹ್ನ ಮಂಡಕ್ಕಿಯ ಪರಾತ ಹಿಡಿದು ಮೇಲೆ ಹೋದಾಗ ಮೂವರೂ ಕೋಟೆಯ ಸುತ್ತ ನಿಂತು ಫೋಟೋ ತೆಗೆಯುತ್ತಿದ್ದರು. ಮಾಲತೇಶನ ಕುರ್ಚಿ ಖಾಲಿಯಿತ್ತು. ಸಂಗಮ್ಮ ಪರಾತವನ್ನು ಕಿಟಕಿಯ ಕಟ್ಟೆಗೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕುರ್ಚಿಯಲ್ಲಿ ಕೂತಳು.

"ಮಾಲತೇಶ, ಮಿರ್ಚಿ ಕೆಳಗ ಬುಟ್ಟ್ಯಾಗ ಅದಾವ, ತೊಗೊಂಡು ಬಾರಪ್ಪ. ಚಹಾದ ಪಾತ್ರಿ ಒಲಿ ಮ್ಯಾಲೈತಿ, ಉಕ್ಕೀತು, ನೋಡ್ಕೋ."

ಮಾಲತೇಶ್ ಶಂಭುಲಿಂಗನ ಮುಖ ನೋಡಿದ. ಶಂಭುಲಿಂಗ ಪಂಪೇಶನ ಮುಖ ನೋಡಿದ.

"ಸಂಗಮ್ಮ, ಮುಂದಿನ ವಾರ ಅಂತ ಹೇಳಿದ್ನೆಲ್ಲ?"

"ಹೇಳಿದ್ರಿ. ನಾನು ಹೂಂ ಅಂದಿದ್ದಿಲ್ಲ."

"ರೂಲ್ಸ್ ಭಾಳ ಅದಾವ್ರಿ ಅಕ್ಕಾರ," ಎಂದ ಮಾಲತೇಶ್, ಮೆತ್ತಗೆ.

"ಈ ಮನ್ಯಾಗಿನ ಅಡುಗಿ ರೂಲ್ಸಿಗಿಂತ ಕಮ್ಮಿ ಅದಾವ. ಇವ್ರಿಗೆ ಬ್ಯಾಳ್ಯಾಗ ಬೆಳ್ಳುಳ್ಳಿ ಕಾಣಬಾರ್ದು, ಆದ್ರ ಇರಬೇಕು. ಅದನ್ನ ಕಲ್ತೀನಿ, ಇದನ್ನ ಕಲಿಯಂಗಿಲ್ಲೇನು?"

ಪಂಪೇಶ್ ಹೋ ಎಂದು ನಕ್ಕುಬಿಟ್ಟ. "ಆಡ್ಲಿ ಬಿಡಣ್ಣ. ನಾಕು ಸಲ ದಾಳ ಉರುಳೋದ್ರಾಗ ಮುಗೀತೈತಿ. ಮಾಲತೇಶ, ನಡಿ ನಡಿ, ಚಹಾ ಉಕ್ಕತೈತಿ."

ಸಂಗಮ್ಮ ಡಬ್ಬಿಯಿಂದ ಜಡೆಯ ಹೆಣ್ಣನ್ನು ತೆಗೆದು ತನ್ನ ಪಡೆಯ ಮುಂದೆ ನಿಲ್ಲಿಸಿದಳು.

ಮೊದಲು ಅವಳು ಮಾಲತೇಶ್ ಆಡುವಂತೆಯೇ ಆಡಿದಳು. ಬಿಲ್ಲಾಳುಗಳನ್ನು ಹೆಬ್ಬಾಗಿಲಿಗೆ ನಡೆಸಿದಳು. ಹೆಣ್ಣನ್ನೂ ಬಾವುಟ ಹಿಡಿದವನನ್ನೂ ಒಂದಿಷ್ಟು ಆಳುಗಳನ್ನೂ ಮಾತ್ರ ಸರದಿಗೊಮ್ಮೆ ಬಂಡೆಗಳ ಕಡೆ ಸರಿಸುತ್ತ ಬಂದಳು. ಶಂಭುಲಿಂಗ ಬುರುಜಿನ ಮೇಲಿಂದ ಅವರನ್ನು ಉರುಳಿಸಿದ. "ಪಾಪ, ಪಾಪ," ಎನ್ನುತ್ತ ಒಬ್ಬೊಬ್ಬರನ್ನೇ ಎತ್ತಿ ಡಬ್ಬಿಗೆ ಹಾಕಿದ. ಅವನ ಕಾವಲಿನವರೆಲ್ಲ ಮುಂದಿನ ಗೋಡೆಗೆ ಬಂದಿದ್ದರು. ಮಾಲತೇಶ್ ಮಿರ್ಚಿ ತಂದಿಟ್ಟು, ತನ್ನ ಕುರ್ಚಿ ಹೋದ ದುಃಖ ಮರೆತು ತಿನ್ನುತ್ತಿದ್ದ. ಆಗ ಸಂಗಮ್ಮ ಎದ್ದು, ಮೇಜು ಸುತ್ತಿ ಹಿಂದಕ್ಕೆ ಹೋದಳು. ಬಂಡೆಗಳ ಬದಿಗೆ ಸರಿಸಿಟ್ಟಿದ್ದ ತನ್ನ ಹೆಣ್ಣನ್ನೂ ಜೊತೆಯ ಆಳುಗಳನ್ನೂ ಟೇಪು ಹಿಡಿದು ಅಳೆದು ನಡೆಸಿದಳು.

"ಅಲ್ಲೇನೈತಿ? ಗೋಡಿ ಐತಿ," ಎಂದ ಶಂಭುಲಿಂಗ.

"ದಾರಿ ಐತಿ."

ಅವನು ಬಗ್ಗಿ ನೋಡಿದ. ಕಿವಿ ಕೆಂಪಾಯಿತು. "ನಾನು ಮುಚ್ಚಿದ್ನೆಲ್ಲ!"

"ನೀವು ಮುಚ್ಚಿದ್ರಿ. ನಾನು ತಗದೆ."

"ಇದು ಮೋಸ! ಪಂಪೇಶ, ಹೇಳಲೇ!"

ಪಂಪೇಶ್ ಬಾಯಲ್ಲಿದ್ದ ಮಂಡಕ್ಕಿ ನುಂಗಿ, ಒಬ್ಬ ಸೈನಿಕನನ್ನು ಎತ್ತಿ, ಅವನ ಕಾಲಡಿಯ ಬಿಲ್ಲೆಯನ್ನು ಸಂದಿನಲ್ಲಿ ತೂರಿಸಿ ನೋಡಿದ. ಸಲೀಸಾಗಿ ಹೋಯಿತು. "ಕಾಲಡಿ ಬಿಲ್ಲಿ ಹಿಡಿಸಿದ್ರ ಆಳು ಹೋಗಬೌದು ಅಂತ ರೂಲ್ಸ್‌ನ್ಯಾಗ ಐತಣ್ಣ. ಹೋದ ತಿಂಗಳ ಮಾಲತೇಶನ ಕೂಡ ಜಗಳಾಡಿ ನೀನ ಗೆದ್ದಿದ್ದಿ."

ಸಂಗಮ್ಮನ ಹೆಣ್ಣು ಕೋಟೆಯೊಳಗೆ ಕಾಲಿಟ್ಟಳು. ಅವಳ ಕತ್ತಿಯ ಬೀಸಿಗೆ ಕಾವಲಿನವನು ಬಿದ್ದ, ಅವನ ಹಿಂದಿನವನೂ ಬಿದ್ದ. ಸಂಗಮ್ಮ ಮೇಜಿನ ಮೇಲೆ ಇನ್ನಷ್ಟು ಬಾಗಿದಳು. ಇಷ್ಟು ಕಾಲ ಮೆಟ್ಟಿಲಿನಿಂದ ಓರೆಯಾಗಿ ಕಂಡ ಮೇಜು ಈಗ ತನ್ನ ಕಡೆಗೆ ಮುಖ ಮಾಡಿತ್ತು. ಶತ್ರುವಿನ ಸೇನಾಪತಿ ಒಂದು ಗೇಣು ದೂರದಲ್ಲಿದ್ದ. ಅವನ ಕಣ್ಣು ಬರೆದವಳು ತಾನೇ. ಆ ಹುರುಪಿನಲ್ಲಿ ಅವಳು ಹೆಣ್ಣನ್ನು ಮುಂದೆ ಮುಂದೆ ನುಗ್ಗಿಸಿದಳು. ಬಾವುಟ ಹಿಡಿದವನು ಗೋಡೆಯಾಚೆ ಬಂಡೆಯ ಬಳಿಯೇ ಉಳಿದುಬಿಟ್ಟ.

"ಬಾವುಟ ದೂರ ಆತು ಅಕ್ಕಾರ," ಎಂದ ಪಂಪೇಶ್, ಬೇಸರದಿಂದಲೇ. "ಧೈರ್ಯದ ದಾಳ ಒಗೀಬೇಕು. ಕಮ್ಮಿ ಬಿದ್ರ ಆಳುಗಳು ಓಡಿಹೋಗ್ತಾರ."

ಒಗೆದಳು. ಒಂದು ಬಿತ್ತು. ಜೊತೆಯವರು ಓಡಿದರು. ಒಂಟಿಯಾದ ಹೆಣ್ಣನ್ನು ಶಂಭುಲಿಂಗನ ಆಳುಗಳು ಸುತ್ತುಗಟ್ಟಿ ಉರುಳಿಸಿದರು.

"ಹ್ಯಾಂಗ!" ಎಂದು ಅವನು ತೊಡೆ ತಟ್ಟಿದ. ಆದರೆ ಹಣೆಯ ಬೆವರು ಒರೆಸಿಕೊಂಡದ್ದನ್ನು ಎಲ್ಲರೂ ನೋಡಿದರು.

"ಅಣ್ಣ, ಇವತ್ತು ನೀ ಹೆದರಿದ್ದಿ," ಎಂದ ಮಾಲತೇಶ್. "ನಾ ಆಡುವಾಗ ಒಮ್ಮೆಯೂ ಹಿಂಗ ಹೆದರಿಲ್ಲ ನೋಡು."

"ಸುಮ್ಮನ ಮಿರ್ಚಿ ತಿನ್ನಲೇ."

ಗೆಳೆಯರಿಬ್ಬರೂ ಚಪ್ಪಲಿ ಮೆಟ್ಟಿ ಹೊರಟ ಮೇಲೆ ಶಂಭುಲಿಂಗ ಕೋಟೆಯ ಹಿಂದೆ ನಿಂತು ಸಂದಿಗೆ ಬೆರಳು ತೂರಿಸಿ ನೋಡಿದ. ಮೋಜಿಗೆ ಅಂದವನಂತೆ ದನಿ ಹಗುರ ಮಾಡಿಕೊಂಡ.

"ದೀಪಾವಳಿ ಆದ ಮ್ಯಾಲೆ ಹಂಪಿ ಹತ್ರ ಒಂದು ಹೋಂಸ್ಟೇದಾಗ ಆಟಗಾರರೆಲ್ಲ ಕೂಡತಾರ. ಪಂಪೇಶ ನಮ್ಮ ಮೇಜಿಗಿ ಜಾಗಾ ಹಿಡದಾನ. ಇದಕ್ಕಿಂತ ದೊಡ್ಡ ಕೋಟಿ ಬೇಕು, ನೀ ಮಾಡ್ತಿ. ಆದ್ರ ತೂತು ಗೀತು ಬ್ಯಾಡ. ಅಲ್ಲಿ ನಾನು, ಮಾಲತೇಶ ಆಡ್ತೀವಿ. ನೀನೂ ಬಾ, ನೋಡುವಂತಿ."

"ಹೂಂ," ಎಂದಳು ಸಂಗಮ್ಮ.

ಆ ಹೂಂ ಅವನಿಗೆ ಸಾಕಾಯಿತು. ಟೀವಿ ಹಾಕಲು ಇಳಿದುಹೋದ.

ಸಂಗಮ್ಮ ಸೈನಿಕರನ್ನು ಒಬ್ಬೊಬ್ಬರಾಗಿ ಒರೆಸಿ ಅವನ ಡಬ್ಬಿಯ ಗೂಡುಗಳಲ್ಲಿ ಮಲಗಿಸಿದಳು. ಬಾವುಟದವನನ್ನು ಎತ್ತಿಕೊಂಡಾಗ, ನಿನ್ನನ್ನು ಇನ್ನೊಮ್ಮೆ ಹಿಂದೆ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿದಳು. ಹೊಸ ಕೋಟೆ ಆಗಲೇ ಕಣ್ಣ ಮುಂದೆ ಎದ್ದಿತ್ತು. ಸುತ್ತ ಎತ್ತರದ ಗೋಡೆ, ನೋಡಿದವರ ಕೈಗೆ ಎಲ್ಲೂ ಬಿರುಕು ಸಿಗದಂಥದ್ದು. ಒಂದು ಬಂಡೆಯನ್ನು ಮಾತ್ರ ಅಂಟಿಸದೆ ಸುಮ್ಮನೆ ಕೂರಿಸುವುದು. ಅದನ್ನು ಸರಿಸಿದರೆ ಹಿಂದೆ ದಾರಿ, ಈ ಸಲ ಇಬ್ಬರು ಜೊತೆಗೆ ನುಗ್ಗುವಷ್ಟು ಅಗಲ. ಆಟ ಶುರುವಾಗುವ ಮೊದಲೇ ಮೇಜಿನ ಈಚೆಯ ಕುರ್ಚಿಯಲ್ಲಿ ತಾನು ಕೂತಿರುವುದು.

"ಸಂಗಮ್ಮ, ಚಹಾ ಆತೇನು?" ಕೆಳಗಿನಿಂದ ಕೂಗು ಬಂತು.

"ಬಂದೆ ರೀ."

ಡಬ್ಬಿಯಲ್ಲಿ ಎರಡು ಗೂಡು ಖಾಲಿ ಉಳಿದಿದ್ದವು. ಜಡೆಯ ಹೆಣ್ಣನ್ನೂ ಬಾವುಟದವನನ್ನೂ ಹತ್ತಿಯಲ್ಲಿ ಸುತ್ತಿ, ಊರಿಗೆ ಹೋಗುವಾಗ ಹಿಡಿಯುವ ತನ್ನ ಕೈಚೀಲದ ಒಳಜೇಬಿಗೆ ಇಳಿಸಿ, ಜಿಪ್ ಎಳೆದು, ಸಂಗಮ್ಮ ಡಬ್ಬಿಯ ಮುಚ್ಚಳ ಹಾಕಿದಳು.