ಕೊನೆಯ ಸೈಕಲ್ಲಿನವಳು ಎಲ್ಲಿ?

ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನುವುದು ನಮ್ಮ ಹೆಂಗಸರಿಗೆ ಹುಟ್ಟಿನಿಂದ ಅಂಟಿದ ರೋಗ. ಕಾಲು ನೋಯುತ್ತಿದ್ದರೂ ನಿಂತೇ ಬಡಿಸುತ್ತೇವೆ. ಬಸ್ಸಿನಲ್ಲಿ ನಮ್ಮ ನಿಲ್ದಾಣ ಬಂದರೂ, ಬಾಗಿಲ ಬಳಿ ನಿಂತವರನ್ನು ‘ಸ್ವಲ್ಪ ಸರಿಯಿರಿ’ ಅನ್ನಲು ಸಂಕೋಚಪಟ್ಟು, ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬರುತ್ತೇವೆ. ನಗಬೇಡಿ, ನೀವೂ ಹಾಗೆ ನಡೆದು ಬಂದವರೇ. ಈ ರೋಗ ಒಬ್ಬಳ ಜೀವಕ್ಕೆ ಕುತ್ತು ತಂದ ಕಥೆ ಹೇಳುತ್ತೇನೆ, ಕೇಳಿ.

ಆಕೆ ದರ್ಜಿ. ಬೀದಿಯ ತಿರುವಿನಲ್ಲಿ ಪುಟ್ಟ ಅಂಗಡಿ. ವಾರವೆಲ್ಲ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತ ಬೆನ್ನಿಗೆ ಭಾನುವಾರದ ಸೈಕಲ್ ಸವಾರಿಯೇ ಮದ್ದು. ಜೊತೆಗೆ ಬರುವವರು ಆಸ್ಪತ್ರೆಯ ನರ್ಸಕ್ಕ, ಶಾಲೆಯ ಟೀಚರ್, ಬೇಕರಿಯಾಕೆ, ಇನ್ನೂ ಒಂದಿಬ್ಬರು ನೆರೆಯವರು. ಬೇಕರಿಯಾಕೆಗೆ ಗುಂಪಿನಲ್ಲಿ ‘ಬಿರುಗಾಳಿ’ ಎಂದೇ ಹೆಸರು. ಸೈಕಲ್ ಹತ್ತಿದಳೆಂದರೆ ಹಿಂತಿರುಗಿ ನೋಡುವ ಪೈಕಿ ಅಲ್ಲ.

ಈ ಗುಂಪಿನಲ್ಲಿ ಒಂದು ವಾಡಿಕೆ ಬೆಳೆದಿತ್ತು. ಯಾರಿಗಾದರೂ ಸುಸ್ತಾದರೆ, ಮನೆಯ ಕೆಲಸ ನೆನಪಾದರೆ, ಆಕೆ ಯಾರಿಗೂ ಹೇಳದೆ ಮೆಲ್ಲಗೆ ಸೈಕಲ್ ತಿರುಗಿಸಿ ಮನೆಗೆ ಹೋಗಿಬಿಡುತ್ತಿದ್ದಳು. ಹೇಳಿದರೆ ಎಲ್ಲರೂ ನಿಲ್ಲಬೇಕು, ಎಲ್ಲರ ಖುಷಿ ಹಾಳು. ಮುಂದೆ ಹೋದವರೂ ‘ಎಲ್ಲಿ ಹೋದಳು’ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ತಿರುಗಿ ಹೋದವಳಿಗೆ ಮುಜುಗರ. ಮಾತು ಬೆಳ್ಳಿ, ಮೌನ ಬಂಗಾರ ಎಂದು ದೊಡ್ಡವರು ಹೇಳಿದರು; ಇವರು ಆ ಬಂಗಾರವನ್ನು ರಸ್ತೆಗೂ ತಂದರು. ನಮ್ಮ ದರ್ಜಿಯೂ ಹೀಗೆ ಎಷ್ಟೋ ಸಲ ಸದ್ದಿಲ್ಲದೆ ತಿರುಗಿ ಬಂದವಳೇ.

ಆ ಭಾನುವಾರ ಊರಾಚೆಯ ಕಲ್ಲುಕ್ವಾರಿಯ ರಸ್ತೆ ಹಿಡಿದರು. ಯಾವ ದಾರಿ ಎಂದು ತೀರ್ಮಾನಿಸಿದ್ದು ಹೊರಟ ಮೇಲೆ. ಬಿರುಗಾಳಿ ಎಡಕ್ಕೆ ತಿರುಗಿದಳು, ಉಳಿದವರೂ ತಿರುಗಿದರು, ಅಷ್ಟೇ. ರಸ್ತೆ ಕಿರಿದು, ಅಂಚಿನಲ್ಲಿ ಸಡಿಲ ಜಲ್ಲಿ. ದರ್ಜಿ ಎಲ್ಲರಿಗಿಂತ ಹಿಂದೆ ಇದ್ದಳು. ಸ್ವಲ್ಪ ಹೊತ್ತು ಟೀಚರ್ ಬೆನ್ನು ಕಾಣುತ್ತಿತ್ತು. ಮುಂದಿನ ತಿರುವಿನಲ್ಲಿ ಅದೂ ಮರೆಯಾಯಿತು.

ಹಿಂದಿನಿಂದ ಲಾರಿಯ ಹಾರನ್ ಕಿವಿಗೇ ಬಡಿದ ಹಾಗೆ ಕೇಳಿಸಿತು. ಅವಳು ಬೆದರಿ ಅಂಚಿಗೆ ಸರಿದಳು. ಚಕ್ರ ಜಲ್ಲಿಯಲ್ಲಿ ಜಾರಿತು. ಮೋರಿಯ ಪಕ್ಕದ ಇಳಿಜಾರಿನಲ್ಲಿ ಉರುಳಿ ಪೊದೆಗಳ ನಡುವೆ ಬಿದ್ದಳು. ಲಾರಿ ನಿಲ್ಲಲಿಲ್ಲ. ಅದರ ಚಾಲಕ ನೋಡಿದನೋ ಇಲ್ಲವೋ, ದೇವರಿಗೇ ಗೊತ್ತು.

ಏಳಲು ನೋಡಿದಳು. ಭುಜದಲ್ಲಿ ಚಳಕು ಹೊಡೆದು ಕಣ್ಣು ಕತ್ತಲೆ ಬಂತು. ಫೋನ್ ಸೈಕಲ್ಲಿನ ಚೀಲದಲ್ಲಿತ್ತು. ಸೈಕಲ್ ಇಳಿಜಾರಿನ ಮಧ್ಯದ ಪೊದೆಯೊಂದರಲ್ಲಿ, ರಸ್ತೆಗೆ ಕಾಣದ ಹಾಗೆ ಸಿಕ್ಕಿಕೊಂಡಿತ್ತು. ಕೂಗಿದಳು. ಉಸಿರು ಕಟ್ಟಿದ ಎದೆಯಿಂದ ಬಂದದ್ದು ಪಿಸುಮಾತಿನಷ್ಟು ಸದ್ದು. ಮೊದಮೊದಲು ಅವಳಿಗೆ ಅಷ್ಟು ಭಯವಾಗಲಿಲ್ಲ. ಹೇಗಿದ್ದರೂ ಅವರೆಲ್ಲ ಇದೇ ದಾರಿಯಲ್ಲಿ ವಾಪಸ್ ಬರಬೇಕಲ್ಲ ಎಂದುಕೊಂಡಳು.

ಬಂದರು. ತಲೆಯ ಮೇಲಿನ ರಸ್ತೆಯಲ್ಲಿ ಚಕ್ರಗಳ ಸದ್ದು, ನಗು, ಬಿರುಗಾಳಿಯ ದೊಡ್ಡ ದನಿ.

“ದರ್ಜಿಯಮ್ಮ ಎಲ್ಲೇ?” ಟೀಚರ್ ಕೇಳಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

“ಅವಳಾ? ಆಗಲೇ ಮನೆ ಸೇರಿ ಕಾಲು ಚಾಚಿ ಕೂತಿರ್ತಾಳೆ ಬಿಡು” ಎಂದಿತು ಬಿರುಗಾಳಿಯ ದನಿ.

ನಕ್ಕರು. ಅವಳು ಇದ್ದಬದ್ದ ಉಸಿರೆಲ್ಲ ಸೇರಿಸಿ “ನರ್ಸಕ್ಕಾ” ಎಂದಳು. ಅಷ್ಟರಲ್ಲಿ ಇನ್ನೊಂದು ಲಾರಿ ಹೋಯಿತು. ಅದರ ಸದ್ದು ಅಡಗಿದಾಗ ರಸ್ತೆಯಲ್ಲಿ ಯಾರೂ ಇರಲಿಲ್ಲ. ಭಯ ಅಂದರೆ ಏನೆಂದು ಅವಳಿಗೆ ಗೊತ್ತಾದದ್ದು ಆಗ. ಬಿದ್ದಾಗ ಅಲ್ಲ, ತನ್ನ ಗೆಳತಿಯರೇ ತನ್ನ ಮೇಲಿಂದ ನಗುತ್ತಾ ದಾಟಿ ಹೋದಾಗ. ಇನ್ನು ತನ್ನನ್ನು ಹುಡುಕಿಕೊಂಡು ಬರುವವರು ಯಾರೂ ಇಲ್ಲ ಎಂದು ಅವಳಿಗೆ ಖಾತ್ರಿಯಾಯಿತು.

ಬಿಸಿಲು ಏರಿತು. ಚೀಲದಲ್ಲಿದ್ದ ಫೋನ್ ಬಡಿದುಕೊಳ್ಳತೊಡಗಿತು. ನಿಂತಿತು, ಮತ್ತೆ ಬಡಿದುಕೊಂಡಿತು. ಮಾಡುತ್ತಿದ್ದದ್ದು ಅತ್ತೆ.

ಅತ್ತೆಯ ಬಗ್ಗೆ ಒಂದು ಮಾತು. ಆಕೆಗೆ ಸೈಕಲ್ ಕಂಡರಾಗದು. ಸೊಸೆ ಪ್ರತಿ ಭಾನುವಾರ ಹೊರಡುವಾಗ ಬಾಗಿಲಲ್ಲಿ ನಿಂತು, “ಹೋಗು ಹೋಗು, ಮನೆಯಲ್ಲಿ ಮುಳ್ಳಿದೆ ನಿನಗೆ” ಎಂದು ಗೊಣಗುವವಳು. ಆದರೆ ಸೊಸೆ ಬಂದು ಚಪ್ಪಲಿ ಬಿಡುವವರೆಗೆ ಒಂದು ಗುಟುಕು ಚಹಾ ಆಕೆಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಫೋನ್ ಎತ್ತದಿದ್ದಾಗ ಆಕೆ ನೇರವಾಗಿ ನರ್ಸಕ್ಕನ ಮನೆಗೇ ನಡೆದಳು.

“ಎಲ್ಲಿ ನನ್ನ ಸೊಸೆ?”

ಒದ್ದೆ ತಲೆಗೆ ಟವಲ್ ಸುತ್ತಿದ್ದ ನರ್ಸಕ್ಕ, “ಅವಳು ಮೊದಲೇ ಬಂದಳಲ್ಲಮ್ಮಾ” ಎಂದಳು.

“ನೀನು ನೋಡಿದ್ಯಾ?”

ನರ್ಸಕ್ಕ ಟವಲ್ ಕಿತ್ತೆಸೆದು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ನೋಡಿದವರು ಯಾರೂ ಇರಲಿಲ್ಲ. ಎಲ್ಲರೂ ಅಂದುಕೊಂಡಿದ್ದರು, ಅಷ್ಟೇ.

ಆಮೇಲಿನದ್ದನ್ನು ಎಳೆದು ಹೇಳುವುದಿಲ್ಲ. ಬಿರುಗಾಳಿ ಬೇಕರಿಯ ವ್ಯಾನ್ ತಂದಳು. ರಸ್ತೆಯುದ್ದಕ್ಕೂ ಹೆಸರು ಕೂಗುತ್ತಾ ಹೋದರು. ಮತ್ತೆ ಬಡಿದುಕೊಂಡ ಫೋನಿನ ಸದ್ದೇ ಅವರಿಗೆ ದಾರಿ ತೋರಿಸಿತು. ಕೊರಳ ಬುಡದ ಮೂಳೆ ಮುರಿದಿತ್ತು. ಬಾಯಿ ಒಣಗಿ ನಾಲಿಗೆ ಅಂಟಿತ್ತು. ‘ಇನ್ನಷ್ಟು ತಡವಾಗಿದ್ದರೆ’ ಎಂದು ಶುರು ಮಾಡಿದ ಡಾಕ್ಟರು, ಅತ್ತೆಯ ಮುಖ ನೋಡಿ ಮಾತು ನುಂಗಿಕೊಂಡರು.

ಮೂಳೆ ಕೂಡಿಕೊಂಡಿತು. ಭಯ ಹೋಗಲಿಲ್ಲ. ಅಂಗಡಿಯ ಮುಂದೆ ಯಾವುದಾದರೂ ಗಾಡಿ ಹಾರನ್ ಹೊಡೆದರೆ ಅವಳ ಕಾಲು ಹೊಲಿಗೆ ಯಂತ್ರದ ಪೆಡಲ್ ಮೇಲೆಯೇ ನಿಂತುಬಿಡುತ್ತಿತ್ತು, ಹೊಲಿಗೆ ಸೊಟ್ಟಗಾಗುತ್ತಿತ್ತು. ಅತ್ತೆ ಸೈಕಲ್ಲನ್ನು ಮಹಡಿ ಮೆಟ್ಟಿಲ ಕೆಳಗೆ ನೂಕಿ, ಮೇಲೆ ಹಳೇ ಹಾಸಿಗೆ ಹೊದಿಸಿದಳು. ದರ್ಜಿಯ ಗಂಡನನ್ನು ಕೇಳಿದರೆ, “ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲಪ್ಪಾ” ಎಂದು ಪೇಪರಿನ ಹಿಂದೆ ಅಡಗಿದ. ಸೈಕಲ್ ಬಿಟ್ಟ ಮೇಲೆ ಸೊಸೆಯ ಬೆನ್ನು ಮತ್ತೆ ಬಗ್ಗಿತು. ಮುಖವೂ ಬಾಡಿತು. ಅದು ಅತ್ತೆಯ ಕಣ್ಣಿಗೆ ಬೀಳದೆ ಇರಲಿಲ್ಲ.

ಒಂದು ಶನಿವಾರ ಸಂಜೆ ನರ್ಸಕ್ಕ ಬಂದಳು. ಅತ್ತೆ ಬಾಗಿಲಲ್ಲೇ ತಡೆದಳು.

“ಸೈಕಲ್ ಮಾತಾಡೋದಾದ್ರೆ ಅಲ್ಲೇ ನಿಲ್ಲಮ್ಮ.”

“ಮಾತಾಡೋಕೇ ಬಂದಿದ್ದೀನಿ ಅಮ್ಮಾ. ಬೈಯೋದಿದ್ರೆ ಕೂತ್ಕೊಂಡು ಬೈಯಿರಿ, ನಿಮಗೂ ಮಂಡಿನೋವು.”

ಅತ್ತೆಗೆ ನಗು ಬಂತು, ತೋರಿಸಲಿಲ್ಲ. ಒಳಗೆ ಬಿಟ್ಟಳು. ದರ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತುಕೊಂಡಳು.

“ತಪ್ಪು ನಮ್ಮದು. ಹೇಳದೆ ಹೋಗೋದು ದೊಡ್ಡತನ ಅಂದ್ಕೊಂಡ್ವಿ. ಹೀಗಾಗಿ ಒಬ್ಬಳು ಕಾಣದೆ ಹೋದ್ರೂ ಯಾರಿಗೂ ದಿಗಿಲಾಗಲಿಲ್ಲ” ಎಂದಳು ನರ್ಸಕ್ಕ.

“ಗುಂಪಲ್ಲಿ ಗೋವಿಂದ ಅಂತ ಹೋದ್ರೆ ಇನ್ನೇನಾಗುತ್ತೆ? ಈಗ ಬಂದು ಹೇಳ್ತೀಯ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ.”

“ಹೌದು. ಆದ್ರೆ ಬಾಗಿಲನ್ನ ಈಗಲಾದ್ರೂ ಹಾಕ್ಬೇಕಲ್ಲ ಅಮ್ಮಾ. ನಾಳೆ ಹೋಗೋ ದಾರೀನ ನಾನು ಟೀಚರ್ ಇವತ್ತೇ ಹೋಗಿ ನೋಡ್ಕೊಂಡು ಬಂದ್ವಿ. ಅಗಲವಾದ ರಸ್ತೆ, ಅಂಚಿನಲ್ಲಿ ಜಲ್ಲಿ ಇಲ್ಲ. ಬೆಳಕಾದ ಮೇಲೆ ಹೊರಡ್ತೀವಿ, ಬಿಸಿಲೇರೋದ್ರೊಳಗೆ ವಾಪಸ್. ಎಲ್ಲರೂ ಎದ್ದು ಕಾಣೋ ಬಟ್ಟೆ ಹಾಕ್ತೀವಿ, ತಲೆಗೆ ಹೆಲ್ಮೆಟ್. ಫೋನ್ ಸೈಕಲ್ ಚೀಲದಲ್ಲಿ ಅಲ್ಲ, ಮೈಮೇಲಿನ ಜೇಬಲ್ಲಿ.”

“ಮುಂದೆ ಯಾರು? ಆ ಬಿರುಗಾಳೀನಾ?”

“ಅಲ್ಲ. ನಮ್ಮಲ್ಲಿ ಎಲ್ಲರಿಗಿಂತ ನಿಧಾನ ಹೋಗೋಳು ಮುಂದೆ. ಅವಳನ್ನ ಯಾರೂ ದಾಟೋ ಹಾಗಿಲ್ಲ. ತಿರುವು ಬಂದ್ರೆ ನಿಲ್ಲೋದು. ಕೊನೆಯ ಸೈಕಲ್ ಕಣ್ಣಿಗೆ ಬಿದ್ದ ಮೇಲೇ ಮುಂದಕ್ಕೆ.”

“ಕೊನೆಯ ಸೈಕಲ್ ಯಾರದ್ದು?”

“ನಂದು.”

“ನೀನೇ ಬಿದ್ರೆ?”

ಅದನ್ನು ನರ್ಸಕ್ಕ ಯೋಚಿಸಿರಲಿಲ್ಲ.

“ನೋಡಿದ್ಯಾ? ಎಷ್ಟು ಓದಿದ್ರೇನು. ಕೊನೆಯಲ್ಲಿ ಒಬ್ಬಳಿದ್ರೆ ಅವಳೂ ಒಂಟಿಯೇ ತಾನೇ? ಇಬ್ಬರಿರಬೇಕು” ಎಂದಳು ಅತ್ತೆ.

“ಸರಿ, ಇಬ್ಬರು. ಬಿರುಗಾಳೀನ ನನ್ನ ಜೊತೆ ಹಿಂದೆ ಹಾಕ್ಕೋತೀನಿ.”

“ಒಳ್ಳೇದು. ಆಗಲಾದ್ರೂ ಹಿಂದೆ ಇರೋದು ಹೇಗಿರುತ್ತೆ ಅಂತ ಅವಳಿಗೆ ಗೊತ್ತಾಗ್ಲಿ.”

ದರ್ಜಿ ಮೊದಲ ಸಲ ಬಾಯಿ ಬಿಟ್ಟಳು. “ಲಾರಿ ಬಂದ್ರೆ, ನರ್ಸಕ್ಕಾ?”

ನರ್ಸಕ್ಕ ಸುಳ್ಳು ಹೇಳಲಿಲ್ಲ. “ಲಾರಿ ಬರುತ್ತೆ ಕಣೇ. ಅದನ್ನ ನಾನು ತಡೆಯೋಕಾಗಲ್ಲ. ಬಿದ್ದವಳು ಒಬ್ಬಳೇ ಬಿದ್ದಿರೋದನ್ನ ತಡೀಬಹುದು. ಇನ್ಮೇಲೆ ಹೇಳದೆ ಯಾರೂ ತಿರುಗೋ ಹಾಗಿಲ್ಲ. ಹೇಳಿ ತಿರುಗಿದವಳ ಜೊತೆ ಇನ್ನೊಬ್ಬಳು ಬಂದೇ ಬರ್ತಾಳೆ, ಮನೆ ಬಾಗಿಲವರೆಗೆ.” ಆಮೇಲೆ ಅತ್ತೆಯ ಕಡೆ ತಿರುಗಿದಳು. “ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ನಿಮಗೆ ಹೇಳಿ ಹೊರಡ್ತೀವಿ. ಆ ಹೊತ್ತಿಗೆ ಬರದಿದ್ರೆ ನೀವು ಎಲ್ಲರನ್ನೂ ಎಬ್ಬಿಸ್ಬೇಕು. ಅವತ್ತು ಅವಳನ್ನ ಉಳಿಸಿದ್ದು ನೀವೇ ತಾನೇ?”

ಅತ್ತೆ ಎದ್ದು ಹೋಗಿ ಮೆಟ್ಟಿಲ ಕೆಳಗಿನ ಹಾಸಿಗೆ ಸರಿಸಿದಳು. ಒಪ್ಪಿದಳು ಎಂದಲ್ಲ. “ಒಂದೇ ಒಂದು ಸಲ. ಆಮೇಲೆ ನೋಡೋಣ” ಎಂದಳು.

ಮರುದಿನ ಹೊರಟರು. ಮುಂದಿನವರು ತಿರುವಿನಲ್ಲಿ ನಿಂತು, ಹಿಂದಿನವರು ಬರುವವರೆಗೆ ಕಾದರು. ಹಳ್ಳ ಕಂಡವಳು ಕೂಗಿ ಹೇಳಿದಳು, ಅದನ್ನು ಕೇಳಿದವಳು ಹಿಂದಿನವಳಿಗೆ ಕೂಗಿದಳು. ಹಿಂದಿನಿಂದ ನರ್ಸಕ್ಕನ ದನಿ ಬರುತ್ತಲೇ ಇತ್ತು. ಸ್ವಲ್ಪ ದೂರ ಎಲ್ಲ ಚೆನ್ನಾಗಿತ್ತು.

ಆಮೇಲೆ ಲಾರಿ ಬಂತು. “ಹಿಂದೆ ಗಾಡಿ” ಎಂದು ಬಿರುಗಾಳಿ ಕೂಗಿದಳು, ಎಲ್ಲರೂ ಒಬ್ಬರ ಹಿಂದೆ ಒಬ್ಬರಾದರು, ಲಾರಿ ದೂರದಿಂದಲೇ ಸರಿದು ಹೋಯಿತು. ಏನೂ ಆಗಲಿಲ್ಲ. ಆದರೂ ದರ್ಜಿಯ ಮೂಗಿಗೆ ಪೊದೆಯ ವಾಸನೆ ಬಡಿಯಿತು, ಕಿವಿಯಲ್ಲಿ ಆ ನಗು. ಮನೆಗೆ ಹೋಗಬೇಕು ಅನ್ನಿಸಿತು. ಹಳೇ ರೋಗ ತಲೆ ಎತ್ತಿತು: ಇವರ ಖುಷಿ ಯಾಕೆ ಹಾಳು ಮಾಡಲಿ, ನನಗಾಗಿ ಎಷ್ಟೆಲ್ಲಾ ಮಾಡಿದ್ದಾರೆ, ಹಲ್ಲು ಕಚ್ಚಿಕೊಂಡು ಹೋಗಿಬಿಡುತ್ತೇನೆ. ಬ್ರೇಕ್ ಹಿಡಿಯುವುದಕ್ಕೂ ಬೆರಳು ಬಗ್ಗುತ್ತಿರಲಿಲ್ಲ. ಹೀಗೇ ಹೋದರೆ ಮತ್ತೆ ಬೀಳುತ್ತೇನೆ ಎಂದು ಅವಳಿಗೆ ಗೊತ್ತಾಯಿತು.

“ನಿಲ್ಲಿ” ಎಂದಳು.

ಎಲ್ಲರೂ ನಿಂತರು. ಅವಳಿಗೆ ಮುಖ ಎತ್ತಲಾಗಲಿಲ್ಲ.

“ನನಗೆ ತುಂಬಾ ಭಯ ಆಗ್ತಿದೆ. ನಾನು ಮನೆಗೆ ಹೋಗ್ತೀನಿ.”

ಯಾರೂ ಸಮಾಧಾನ ಹೇಳಲಿಲ್ಲ, ಇನ್ನೊಂಚೂರು ಬಾ ಎಂದು ಒತ್ತಾಯಿಸಲಿಲ್ಲ. ಬಿರುಗಾಳಿ, ಹಿಂತಿರುಗಿಯೂ ನೋಡದ ಆ ಬಿರುಗಾಳಿ, ತನ್ನ ಸೈಕಲ್ ತಿರುಗಿಸಿದಳು. “ನಡಿ, ನಾನು ಬರ್ತೀನಿ. ಇವತ್ತು ನಾನು ನಿನ್ನ ಹಿಂದೆ” ಎಂದಳು. ಟೀಚರ್ ಹಿಂದಕ್ಕೆ ಬಂದು ನರ್ಸಕ್ಕನ ಜೊತೆ ಸೇರಿಕೊಂಡಳು. ನರ್ಸಕ್ಕ ಜೇಬಿನಿಂದ ಫೋನ್ ತೆಗೆದು ಅತ್ತೆಗೆ ವಿಷಯ ಹೇಳಿದಳು.

ಇಬ್ಬರೂ ನಿಧಾನವಾಗಿ ಬಂದರು. ಅತ್ತೆ ಬೀದಿಯ ತುದಿಯಲ್ಲೇ ನಿಂತಿದ್ದಳು, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ದರ್ಜಿ ಇಳಿದು ತಲೆ ತಗ್ಗಿಸಿದಳು.

“ನನ್ನ ಕೈಯಲ್ಲಿ ಆಗಲಿಲ್ಲ ಅತ್ತೆ. ಅರ್ಧ ದಾರಿಗೇ ಬಂದುಬಿಟ್ಟೆ. ಇನ್ನು ನಿಮ್ಮ ಮಾತೇ ಸರಿ, ಸೈಕಲ್ ಒಳಗಿಡ್ತೀನಿ.”

ಅತ್ತೆ ಅವಳನ್ನು ನೋಡಿದಳು. ಹಿಂದೆ ಏದುಸಿರು ಬಿಡುತ್ತಿದ್ದ ಬಿರುಗಾಳಿಯನ್ನು ನೋಡಿದಳು.

“ಯಾಕೆ ಒಳಗಿಡ್ತೀಯ? ಪೂರ್ತಿ ಹೋಗಿ ನಗ್ತಾ ಬಂದಿದ್ರೆ ನಾನು ನಂಬ್ತಿರಲಿಲ್ಲ ಕಣೇ. ಒಂದು ದಿನ ಅದೃಷ್ಟ ಚೆನ್ನಾಗಿತ್ತು ಅಂದ್ಕೋತಿದ್ದೆ. ಭಯ ಆದಾಗ ಹೇಳಿದೆ. ಹೇಳಿದಾಗ ಜೊತೆಗೊಬ್ಬಳು ಬಂದಳು. ನನಗೆ ಬೇಕಾಗಿದ್ದದ್ದು ಅಷ್ಟೇ” ಎಂದಳು. ಆಮೇಲೆ ಬಿರುಗಾಳಿಯ ಕಡೆ ತಿರುಗಿ ಗದರಿದಳು, “ಮುಂದಿನ ವಾರ ಯಾವ ದಾರಿ ಅಂತ ಶನಿವಾರವೇ ಬಂದು ಹೇಳ್ಬೇಕು. ಅದನ್ನ ಕೇಳದೆ ಇವಳನ್ನ ಕಳಿಸಲ್ಲ.”

ದರ್ಜಿಯ ಭಯ ಇನ್ನೂ ಪೂರ್ತಿ ಹೋಗಿಲ್ಲ. ಕೆಲವು ವಾರ ಪೂರ್ತಿ ಹೋಗುತ್ತಾಳೆ, ಕೆಲವು ವಾರ ಅರ್ಧ ದಾರಿಯಲ್ಲಿ ‘ನಿಲ್ಲಿ’ ಎನ್ನುತ್ತಾಳೆ. ಗುಂಪು ನಿಲ್ಲುತ್ತದೆ.

ಅಕ್ಕ ತಂಗಿಯರೇ, ಈ ವಾರ ನೀವೂ ನಾಲ್ಕು ಜನ ಸೇರಿ ಸೈಕಲ್ ಹತ್ತುವವರಿದ್ದರೆ, ಹೊರಡುವ ಮುಂಚೆ ಕೂತು ಮಾತಾಡಿ. ದಾರಿಯನ್ನು ಮೊದಲೇ ನೋಡಿಕೊಳ್ಳಿ. ಮನೆಯಲ್ಲಿ ಹೇಳಿ ಹೊರಡಿ. ನಿಧಾನ ಹೋಗುವವಳನ್ನು ಮುಂದೆ ಬಿಡಿ, ಗಟ್ಟಿಗಿತ್ತಿಯರಿಬ್ಬರು ಹಿಂದೆ ಇರಿ. ಸುಸ್ತಾದರೆ, ಹೆದರಿಕೆಯಾದರೆ ಬಾಯಿಬಿಟ್ಟು ಹೇಳಿ. ಅದರಿಂದ ಯಾರ ಖುಷಿಯೂ ಹಾಳಾಗುವುದಿಲ್ಲ. ಮತ್ತೆ ಪ್ರತಿ ತಿರುವಿನಲ್ಲೂ ನಿಂತು, ಹಿಂತಿರುಗಿ, ಒಂದು ಮಾತು ಕೇಳಿ: ಕೊನೆಯ ಸೈಕಲ್ಲಿನವಳು ಎಲ್ಲಿ? ಮನೆ ಸೇರಿರುತ್ತಾಳೆ ಬಿಡು ಎಂದು ಯಾರಾದರೂ ಅಂದರೆ, ಅತ್ತೆ ಕೇಳಿದ್ದನ್ನೇ ಅವರನ್ನು ಕೇಳಿ.

ನೀನು ನೋಡಿದ್ಯಾ?