ಮೆಟ್ಟಿಲ ಮೇಲೆ ಕೂತ ಸಭೆ

ಮಂಚವನ್ನು ಎತ್ತಿ ಗೋಡೆಗೆ ಒರಗಿಸಿದ್ದೇ ತಡ, ಅದರಡಿಯ ಒಂಟಿ ಚಪ್ಪಲಿ, ಕೈ ಮುರಿದ ಬೊಂಬೆ, ವರ್ಷದ ಧೂಳು ಎಲ್ಲ ಬಯಲಾಯಿತು.

"ಇಷ್ಟು ದಿನ ಗುಡಿಸ್ತಿದ್ದಿದ್ದು ಯಾರ ಮನೇನೋ!" ಎಂದು ವೆಲ್ಡರ್ ಅಕ್ಕನನ್ನು ಕೆಣಕಿದ.

ಅಕ್ಕ ಪೊರಕೆ ತೋರಿಸಿದಳು. "ಈಗಲೇ ಮಾತಾಡಿ ಮುಗಿಸ್ಕೋ. ಅವರು ಬಂದಮೇಲೆ ಬಾಯಿ ಬಿಟ್ಟೀಯ, ಜೋಕೆ."

ಬಾಯಿ ಬಿಡುವಂತಿರಲಿಲ್ಲ, ಸಂಕಟವೇ ಅದು. ಈ ಅಕ್ಕ-ತಮ್ಮನ ಜನಕ್ಕೆ ತಮ್ಮದೆಂಬ ಸೀಮೆಯಿಲ್ಲ, ಕೇರಿಯೂ ಇಲ್ಲ. ಇಡೀ ನಗರದಲ್ಲಿ ಇಲ್ಲೊಂದು ಮನೆ, ಅಲ್ಲೊಂದು ಮನೆ. ಆದರೆ ಸಭೆಯೊಂದಿತ್ತು. ತಾವೇ ಆರಿಸಿದ, ಸರ್ಕಾರವೂ ಒಪ್ಪಿದ ಸಭೆ. ಮಕ್ಕಳ ಶಾಲೆ, ಮದುವೆ, ಸತ್ತವರ ಮಣ್ಣು, ಇವುಗಳಲ್ಲಿ ಸಭೆಯದೇ ಕೊನೆಯ ಮಾತು. ಹೊರಗಿನ ಯಾವ ಅಧಿಕಾರಿಯೂ ತಲೆ ಹಾಕುವ ಹಾಗಿಲ್ಲ. ಸ್ವಂತ ಕಟ್ಟಡವಿಲ್ಲದ್ದರಿಂದ ಸಭೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕೂರುತ್ತಿತ್ತು. ಕೂತ ಮನೆಯ ಹಂಗು ತೀರ್ಮಾನಕ್ಕೆ ಅಂಟಬಾರದಲ್ಲ, ಅದಕ್ಕೆ ಹಿಂದಿನವರು ಒಂದು ಕಟ್ಟಳೆ ಮಾಡಿಟ್ಟಿದ್ದರು: ಸಭೆ ಮುಗಿಯುವ ತನಕ ಮನೆಯವರು ನೀರು ಕೊಡಬಹುದು, ಮಾತಾಡಬಾರದು.

ಇವತ್ತು ಸರದಿ ಇವರದು. ತೀರ್ಮಾನವಾಗಬೇಕಾದ ವಿಷಯವೂ ಇವರದೇ. ಅಕ್ಕ ಮದುವೆಯಾಗಿದ್ದು ಹೊರಗಿನವನನ್ನು. ಭಾವ ದೂರದ ಊರುಗಳಿಗೆ ಬಸ್ಸು ಓಡಿಸುತ್ತಾನೆ, ಮನೆಯಲ್ಲಿರುವುದೇ ಅಪರೂಪ. ಅವರ ಮಗಳು ಪುಟ್ಟಿಯನ್ನು ಸಭೆಯ ಶಾಲೆಗೆ ಸೇರಿಸಿಕೊಳ್ಳಬೇಕೋ ಬೇಡವೋ? ಸರದಿ ಬದಲಿಸಿ ಎಂದು ವೆಲ್ಡರ್ ಮನೆಮನೆಗೆ ಹೋಗಿ ಕೇಳಿದ್ದ. "ಸರದಿ ಅಂದ್ರೆ ಸರದಿ. ಇವತ್ತು ನಿನಗೆ ಬದಲಾಯಿಸಿದ್ರೆ ನಾಳೆ ಇನ್ನೊಬ್ಬ ಬರ್ತಾನೆ," ಎಂದಿದ್ದರು ಔಷಧಿ ಅಂಗಡಿಯ ಯಜಮಾನರು. ಮಗುವನ್ನು ಸೇರಿಸಬಾರದು ಎನ್ನುವವರೂ ಅವರೇ.

ವೆಲ್ಡರ್ ಅದೇ ಶಾಲೆಯ ಗೋಡೆ ಹಾರಿ ಓಡಿದವನು, ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಬೇಡವೆಂದು ಓಡಿದವನಿಗೆ ಹುಟ್ಟಿನಿಂದಲೇ ಜಾಗ. ಬೇಕೆಂದು ಹಟ ಹಿಡಿದ ಮಗುವಿಗೆ ವಿಚಾರಣೆ! ನೆನೆದಾಗಲೆಲ್ಲ ಅವನ ಮೈ ಉರಿಯುತ್ತಿತ್ತು. ಉರಿಯ ಜೊತೆಗೆ ಅವನ ಬಳಿ ಒಂದು ಅಸ್ತ್ರವೂ ಇತ್ತು. ಊರಾಚೆಯ ದೊಡ್ಡ ಶಾಲೆಯೊಂದರ ಗೇಟಿಗೆ ಬೆಸುಗೆ ಹಾಕಲು ಹೋಗಿದ್ದಾಗ, ಟೈ ಕಟ್ಟಿಕೊಂಡು ಒಳಗೆ ಹೋಗುತ್ತಿದ್ದ ಯಜಮಾನರ ಮೊಮ್ಮಕ್ಕಳನ್ನು ಕಣ್ಣಾರೆ ಕಂಡಿದ್ದ. ಸಭೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ.

ಸಂಜೆ ಎಲ್ಲರೂ ಬಂದರು. ಸಭೆಯ ಹಿರಿಯಳು, ಹಿಂದೆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುತ್ತಿದ್ದವಳು, ಕಿಟಕಿಯ ಬಳಿ ಕೂತಳು. ಅಲ್ಲಿದ್ದವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಹಾಗಾಗಿ ಎಲ್ಲರಿಗೂ ದೊಡ್ಡಮ್ಮ. ವೆಲ್ಡರನ ಮುಖ ನೋಡಿ ಟೈಲರ್ ಮಾವ ನಕ್ಕ. "ಏನಯ್ಯಾ, ತುಟಿಗೆ ಬೆಸುಗೆ ಹಾಕ್ಕೊಂಡು ಕೂತಿದ್ದೀಯಾ?"

ಯಜಮಾನರು ಮಾತು ಶುರುಮಾಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ವೆಲ್ಡರನಿಗೆ ಇನ್ನೂ ಸಿಟ್ಟು ತರಿಸಿತು.

"ಮಗು ಮೇಲೆ ನನಗೇನು ಹಗೆ? ಆದರೆ ಯೋಚನೆ ಮಾಡಿ. ನಮ್ಮ ಮಾತು ಯಾವ ಬೀದೀಲೂ ಕೇಳಿಸಲ್ಲ, ಯಾವ ಅಂಗಡೀಲೂ ಕೇಳಿಸಲ್ಲ. ಕೇಳಿಸೋದು ಆ ಶಾಲೆಯ ನಾಲ್ಕು ಕೋಣೇಲಿ. ನಮ್ಮ ರಾಜ್ಯ ಅಂದ್ರೆ ಅಷ್ಟೇ. ಅರ್ಧ ಹೊರಗಿನ ಮಕ್ಕಳೂ ಬಂದು ತುಂಬ್ಕೊಂಡ್ರೆ ಅಲ್ಲೂ ಬೀದಿ ಮಾತೇ ಆಗುತ್ತೆ. ಆಮೇಲೆ ಎಲ್ಲಿಗೆ ಹೋಗೋಣ?"

ಒಂದಿಬ್ಬರು ತಲೆಯಾಡಿಸಿದರು. ವೆಲ್ಡರ್ ಬಾಯಿ ತೆರೆದ. ದೊಡ್ಡಮ್ಮ ಬೆರಳೆತ್ತಿದಳು. ಅವನು ಬಾಯಿ ಮುಚ್ಚಿದ.

ಅಷ್ಟರಲ್ಲಿ ಅಕ್ಕ ನೀರಿನ ತಟ್ಟೆಯನ್ನು ನೆಲಕ್ಕಿಟ್ಟಳು. ಸೆರಗು ಸಿಕ್ಕಿಸಿಕೊಂಡು, ಎಲ್ಲರ ಮಧ್ಯದಿಂದ ಹಾದು, ಬಾಗಿಲು ದಾಟಿ ಮೆಟ್ಟಿಲ ಮೇಲೆ ಹೋಗಿ ಕೂತಳು.

"ದೊಡ್ಡಮ್ಮಾ, ನಾನೀಗ ಮನೇಲಿಲ್ಲ. ಮಾತಾಡಬಹುದಾ?"

ಒಳಗೆ ಗಲಾಟೆಯೋ ಗಲಾಟೆ. ಮೆಟ್ಟಿಲೂ ಮನೆಗೇ ಸೇರಿದ್ದು ಎಂದು ಒಬ್ಬರು. ಬಾಡಿಗೆ ಕೊಡುವುದು ಬಾಗಿಲೊಳಗಿನದಕ್ಕೆ ಮಾತ್ರ ಎಂದು ಟೈಲರ್ ಮಾವ. ಕೆಳಗಿನ ಗೇಟಿನವರೆಗೂ ಮನೆಯೇ ಎಂದು ಇನ್ನೊಬ್ಬರು. ಅಂಗೈಯಗಲ ನೆಲವಿಲ್ಲದ ಜನ ಗಡಿಗಾಗಿ ಹೀಗೆ ಕಿತ್ತಾಡುವುದನ್ನು ನೋಡಿ ವೆಲ್ಡರನಿಗೆ ನಗುವೂ ಬಂತು, ಸಿಟ್ಟೂ ಬಂತು.

"ಆಯ್ತು, ಮೆಟ್ಟಿಲು ಮನೆಯಲ್ಲ ಅಂತಲೇ ಇಟ್ಕೊಳ್ಳಿ," ಎಂದರು ಯಜಮಾನರು. "ಆದರೆ ಸಭೆ ಕೂತಿರೋದು ಒಳಗೆ. ಸಭೆಯಲ್ಲಿಲ್ಲದವರ ಮಾತನ್ನ ಸಭೆ ಕೇಳೋ ಹಾಗಿಲ್ಲ."

ದೊಡ್ಡಮ್ಮನೂ ತಲೆಯಾಡಿಸಬೇಕಾಯಿತು. ಕಟ್ಟಳೆ ಯಜಮಾನರ ಕಡೆಗೇ ಇತ್ತು.

ವೆಲ್ಡರ್ ಎದ್ದ. ಏನನ್ನಾದರೂ ಒದೆಯುತ್ತಾನೆ ಎಂದುಕೊಂಡು ಟೈಲರ್ ಮಾವ ಕಾಲು ಮಡಚಿಕೊಂಡ. ವೆಲ್ಡರ್ ಮೂಲೆಯಲ್ಲಿದ್ದ ಖಾಲಿ ಕುರ್ಚಿಯನ್ನು ಎತ್ತಿ ಹೊರಗೊಯ್ದು ಅಕ್ಕನ ಎದುರಿಗೆ ಇಟ್ಟ. ವಾಪಸು ಬಂದು ಇನ್ನೊಂದನ್ನು ಒಯ್ದ. ಆಮೇಲೆ ಸ್ಟೂಲು, ಚಾಪೆ. ಮಾತಿಲ್ಲ, ಕತೆಯಿಲ್ಲ. ಮಾತಾಡಬಾರದು ಅಂದಿದ್ದರು, ಕೈಯಾಡಿಸಬಾರದು ಎಂದು ಯಾರೂ ಅಂದಿರಲಿಲ್ಲ.

ದೊಡ್ಡಮ್ಮ ಅವನನ್ನೇ ನೋಡುತ್ತಿದ್ದಳು. ಮಂಡಿಗೆ ಕೈಯೂರಿ ಎದ್ದಳು. "ನಡೀರಿ. ಇಲ್ಲಿ ಸೆಖೆ. ನಾವು ಕೂತ ಕಡೆ ಸಭೆ."

ಕೆಲವರು ಕುರ್ಚಿಯಲ್ಲಿ, ಉಳಿದವರು ಮೆಟ್ಟಿಲ ಮೇಲೆ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗುವಂತೆ ಕೂತರು. ಯಜಮಾನರು ಮಾತ್ರ ಒಳಗಿನ ಕುರ್ಚಿ ಬಿಟ್ಟೇಳಲಿಲ್ಲ. ತರಕಾರಿ ಚೀಲ ಹಿಡಿದು ಹತ್ತಿಬಂದ ಮೇಲಿನ ಮಹಡಿಯವನು ಬೆರಗಾದ. "ಏನ್ರೀ ಇದು, ಏನು ವಿಶೇಷ?"

"ಸರ್ಕಾರ ನಡೀತಿದೆ ಸ್ವಾಮಿ," ಎಂದ ಟೈಲರ್ ಮಾವ. "ಸ್ವಲ್ಪ ಪಕ್ಕಕ್ಕೆ ಹೋಗಿ, ಮಂತ್ರಿಗಳನ್ನ ತುಳೀಬೇಡಿ."

ನಗು ಅಡಗಿದ ಮೇಲೆ ಅಕ್ಕ ಮಾತಾಡಿದಳು. "ನನ್ನ ಗಂಡನನ್ನ ಸಭೆಗೆ ಸೇರಿಸ್ಕೊಳ್ಳಿ ಅಂತ ನಾನು ಕೇಳ್ತಿಲ್ಲ. ಅವರೂ ಕೇಳಿಲ್ಲ. ಆದರೆ ಮನೇಲಿ ನಾನು ನಮ್ಮ ಮಾತು ಯಾರ ಜೊತೆ ಆಡಲಿ? ಈ ನನ್ನ ತಮ್ಮನಿಗೆ ನಮ್ಮ ಮಾತಲ್ಲಿ ಚೆನ್ನಾಗಿ ಬರೋದು ಬೈಗುಳ ಒಂದೇ. ಇನ್ನುಳಿದೋಳು ಪುಟ್ಟಿ. ಅವಳಿಗೆ ಆಡೋಕೆ ಬರುತ್ತೆ, ಓದೋಕೆ ಬರಲ್ಲ. ಬೇಡ ಅಂದುಬಿಟ್ರೆ ಅವಳು ಬೀದಿ ಮಾತಿಗೇ ಹೋಗ್ತಾಳೆ. ಯಜಮಾನ್ರು ಹೆದರ್ತಿರೋದೂ ಅದಕ್ಕೇ ತಾನೇ?"

"ನೀನೇನಾದ್ರೂ ಹೇಳ್ತೀಯೇನಪ್ಪಾ?" ದೊಡ್ಡಮ್ಮ ವೆಲ್ಡರನ ಕಡೆ ತಿರುಗಿದಳು. "ಈಗ ನೀನೂ ಆಡಬಹುದು."

ಅವನ ನಾಲಿಗೆಯ ತುದಿಯಲ್ಲೇ ಇತ್ತು. ಟೈ, ದೊಡ್ಡ ಗೇಟು, ಮೊಮ್ಮಕ್ಕಳು. ಒಂದು ಮಾತು ಸಾಕು, ಮುದುಕ ಇನ್ನು ತಲೆಯೆತ್ತುವಂತಿರಲಿಲ್ಲ. ಬಾಗಿಲೊಳಗೆ ಒಬ್ಬರೇ ಉಳಿದಿದ್ದ ಯಜಮಾನರು ಅವನನ್ನೇ ದಿಟ್ಟಿಸುತ್ತಿದ್ದರು. ಇವನಿಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಾದಂತಿತ್ತು. ಅಕ್ಕ ಮೆಲ್ಲಗೆ ಅವನ ಮಂಡಿಯ ಮೇಲೆ ಕೈಯಿಟ್ಟು ಒತ್ತಿದಳು. ಅವನು ಅವಳಿಗೆ ಮಾತ್ರ ಇದನ್ನು ಹೇಳಿದ್ದ.

"ಅಕ್ಕ ಹೇಳಿದ್ದೇ ನಂದೂ," ಎಂದ. ಹಾಗೆನ್ನಲು ಗೇಟು ಹೊತ್ತಷ್ಟು ಕಷ್ಟವಾಯಿತು.

ಯಜಮಾನರು ತಾವು ಕೂತಿದ್ದ ಕುರ್ಚಿಯನ್ನು ಎಳೆದುಕೊಂಡು ಹೊಸ್ತಿಲಿಗೆ ಬಂದರು. ಮುಂದಿನೆರಡು ಕಾಲು ಹೊರಗೆ, ಹಿಂದಿನೆರಡು ಕಾಲು ಒಳಗೆ ಇರುವ ಹಾಗೆ ಹಾಕಿ ಕೂತರು.

"ಸೇರಿಸ್ಕೊಳ್ಳೋಣ ಅನ್ನೋರು ಕೈ ಎತ್ತಿ," ಎಂದಳು ದೊಡ್ಡಮ್ಮ.

ಮೆಟ್ಟಿಲಿನುದ್ದಕ್ಕೂ ಕೈಗಳೆದ್ದವು. ಒಂದಿಬ್ಬರು ಅಕ್ಕಪಕ್ಕ ನೋಡಿ ತಡವಾಗಿ ಎತ್ತಿದರು. ಯಜಮಾನರ ಕೈ ತೊಡೆಯ ಮೇಲೆಯೇ ಇತ್ತು. ದೊಡ್ಡಮ್ಮ ಅದನ್ನೂ ನೋಡಿದಳು. "ಒಬ್ಬರು ಬೇಡ ಅಂದಿದ್ದಾರೆ, ಉಳಿದೋರು ಒಪ್ಪಿದ್ದಾರೆ. ಮಗು ಸೇರಿದ ಹಾಗೇ. ಎಲ್ಲಿ ಅವಳು, ಕರೀರಿ."

ಅಡುಗೆಮನೆಯಿಂದ ಪುಟ್ಟಿ ಓಡಿಬಂದು ಬಾಗಿಲಲ್ಲಿ ಗಕ್ಕನೆ ನಿಂತಳು. ದಾರಿಗೆ ಅಡ್ಡವಾಗಿ ಕುರ್ಚಿಯಿತ್ತು. ಯಜಮಾನರು ಅವಳ ಮುಖ ನೋಡಲಿಲ್ಲ. ಎರಡೂ ಮೊಣಕಾಲುಗಳನ್ನು ಒಂದು ಪಕ್ಕಕ್ಕೆ ಒತ್ತರಿಸಿಕೊಂಡರು. ಬಾಗಿಲ ಚೌಕಟ್ಟಿಗೂ ಅವರ ಮೊಣಕಾಲಿಗೂ ನಡುವೆ ಉಳಿದ ಸಂದಿಯಲ್ಲಿ ಮಗು ಮೈ ಸಣ್ಣ ಮಾಡಿಕೊಂಡು, ಬೀಳದಿರಲು ಅವರ ಭುಜ ಹಿಡಿದುಕೊಂಡು, ಹೊರಗೆ ಬಂದಳು.